ಹಕ್ಕಲು ಆಯ್ದ ಕೈಗೆ ಕಾಯಕದ ದೀಕ್ಷೆ



ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದ ಭಕ್ತರು ವಿರಳ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಶರಣ ದಂಪತಿಗಳು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಅದರಿಂದಲೇ ಜಂಗಮ ದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಲಕ್ಕಮ್ಮನವರು ಪತಿಗೆ ತಿಳಿಹೇಳಿದರೆಂಬುದು ನಾವು ಪ್ರವಚನಗಳಲ್ಲಿ ಮತ್ತೆ ಮತ್ತೆ ಕೇಳಿ ತಲೆದೂಗುವ ಪ್ರಸಂಗವಾಗಿದೆ.

ಈ ಪ್ರಸಂಗವನ್ನು ಓದುವಾಗಲೆಲ್ಲ ನನ್ನ ಮನಸ್ಸು ಕಲ್ಯಾಣದ ಅಂಗಳದಿಂದ ಶಿರಾ ತಾಲ್ಲೂಕಿನ ಒಂದು ಕಡಲೆಕಾಯಿ ಹೊಲಕ್ಕೆ ಹೋಗಿ ನಿಲ್ಲುತ್ತದೆ. ಒಡೆಯರು ಬಳ್ಳಿ ಕಿತ್ತು ಕಣಕ್ಕೆ ಸಾಗಿಸಿದ ಮೇಲೆ ಮಣ್ಣಿನಲ್ಲಿ ಉಳಿದುಹೋದ ಕಾಯಿಗಳನ್ನು ಕೆದಕಿ ಆಯ್ದುಕೊಳ್ಳುವುದಕ್ಕೆ ನಮ್ಮ ಕಡೆ ಹಕ್ಕಲು ಎನ್ನುತ್ತಾರೆ. ನಮ್ಮ ತಾತ ದೊಡ್ಡವರ ಮನೆಯಲ್ಲಿ ವರ್ಷಗಟ್ಟಲೆ ಸಂಬಳಕ್ಕಿದ್ದವರು. ಅಪ್ಪ ಅಮ್ಮ ದಿನಗೂಲಿಯವರು. ನಾನೂ ನನ್ನ ತಮ್ಮನೂ ಶಾಲೆ ಬಿಟ್ಟ ಸಂಜೆಗಳಲ್ಲಿ, ಕೆಲವೊಮ್ಮೆ ಶಾಲೆಯನ್ನೇ ಬಿಟ್ಟ ದಿನಗಳಲ್ಲಿ, ಹಕ್ಕಲು ಆಯ್ದವರು. ಉಗುರಿನ ಸಂದಿಗೆ ಸೇರಿದ ಆ ಕೆಂಪು ಮಣ್ಣು ತಲೆಗೆ ನೀರು ಹಾಕಿಕೊಂಡರೂ ಬಿಡುತ್ತಿರಲಿಲ್ಲ.

ಮೇಲ್ನೋಟಕ್ಕೆ ಎರಡೂ ಒಂದೇ ದೃಶ್ಯ: ನೆಲಕ್ಕೆ ಬಾಗಿದ ಬೆನ್ನು, ಕಾಳು ಹೆಕ್ಕುವ ಬೆರಳು. ಆದರೆ ಒಂದನ್ನು ನಾವು ಕಾಯಕವೆಂದು ಪೂಜಿಸುತ್ತೇವೆ. ಇನ್ನೊಂದನ್ನೂ ಕಾಯಕವೆಂದು ಕರೆದು ಸುಮ್ಮನಾಗಬಹುದೆ? ಬಡವರ ಮಕ್ಕಳು ದುಡಿಯುವುದನ್ನು ಕಂಡಾಗ 'ಎಲ್ಲವೂ ಕಾಯಕವೇ ಅಲ್ಲವೆ' ಎಂದು ಸಮಾಧಾನ ಪಡುವ ಸದ್ಭಕ್ತರನ್ನು ನಾನು ಕಂಡಿದ್ದೇನೆ. ಅವರ ಸದುದ್ದೇಶದ ಬಗ್ಗೆ ನನಗೆ ಸಂಶಯವಿಲ್ಲ. ಆದರೂ ಈ ಮಾತಿನಲ್ಲಿ ಒಂದು ದೋಷವಿದೆ, ಮತ್ತು ಆ ದೋಷದ ಬೆಲೆಯನ್ನು ತೆರುವವರು ಮಾತಾಡಿದವರಲ್ಲ, ಆ ಮಕ್ಕಳು. ಅದನ್ನು ಭಕ್ತರ ಮುಂದಿಡುವುದೇ ಈ ಬರಹದ ಉದ್ದೇಶ.

ಶರಣರ ಬದುಕನ್ನು ಗಮನಿಸಿ ನೋಡಿದರೆ ಅವರ ಕಾಯಕದ ಹಿಂದೆ ಸ್ವಂತದ ಸಂಕಲ್ಪವೊಂದು ಎದ್ದು ಕಾಣುತ್ತದೆ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಹೊತ್ತು ಮಾರಿದರೆಂಬ ಪ್ರತೀತಿಯಿದೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆಯುವ ತಮ್ಮ ವೃತ್ತಿಯನ್ನು ಯಾವ ಪೂಜೆಗೂ ಕಡಿಮೆಯೆಂದು ಭಾವಿಸಲಿಲ್ಲ. ಒಕ್ಕಲಿಗ ಮುದ್ದಣ್ಣ, ಮೇದರ ಕೇತಯ್ಯ, ತುರುಗಾಹಿ ರಾಮಣ್ಣ ಇವರೆಲ್ಲ ತಮ್ಮ ಕಸುಬಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಗೌರವದಿಂದ ಧರಿಸಿದರು. ಅವರು ಕಸುಬನ್ನು ಬಲ್ಲವರಾಗಿದ್ದರು, ಮನಸಾರೆ ಒಪ್ಪಿಕೊಂಡವರಾಗಿದ್ದರು. ಅದರ ಫಲ ಅವರ ಕೈಯಲ್ಲೇ ಇತ್ತು, ಆದ್ದರಿಂದಲೇ ದಾಸೋಹ ಸಾಧ್ಯವಾಯಿತು. ಲಕ್ಕಮ್ಮನವರು ಹೆಚ್ಚಿನ ಅಕ್ಕಿ ಬೇಡವೆಂದರು. ಬೇಡವೆನ್ನುವ ಸ್ವಾತಂತ್ರ್ಯ ಅವರಿಗಿತ್ತು ಎಂಬುದನ್ನು ನಾವು ಮರೆಯಬಾರದು. ಹಕ್ಕಲು ಆಯುವ ಕೂಲಿಯವರ ಮಗುವಿಗೆ ಆ ಸ್ವಾತಂತ್ರ್ಯವೆಲ್ಲಿದೆ?

ಆದುದರಿಂದ ನಾನು ವಿನಯಪೂರ್ವಕವಾಗಿ ಹೇಳುವುದಿಷ್ಟೆ: ಬೇರೆ ದಾರಿಯಿಲ್ಲದೆ ಮಾಡುವ ದುಡಿಮೆ ಕೂಲಿ. ಅರಿತು, ಕಲಿತು, ಆರಿಸಿಕೊಂಡು ಮಾಡುವ ದುಡಿಮೆ ಕಾಯಕ. ಹೊಲದ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಮುದ್ದಣ್ಣನವರ ಪರಂಪರೆಯವರು ಹಾಗೆ ಹೇಳುವುದು ಸಾಧ್ಯವೇ ಇಲ್ಲ. ಹೊಲದಲ್ಲಿ ಹುಟ್ಟಿದ ಮಗು ಹೊಲದಲ್ಲೇ ಇರಬೇಕೆಂಬ ವಿಧಿ ಕೀಳು. ನಮ್ಮ ದೇಶದಲ್ಲಿ ಜೀತವನ್ನು ತೊಡೆದುಹಾಕುವ ಸುಗ್ರೀವಾಜ್ಞೆ ಹೊರಟಿದ್ದು 1975ರ ಅಕ್ಟೋಬರ್‌ನಲ್ಲಿ, ಅದು ಕಾಯ್ದೆಯಾದದ್ದು 1976ರಲ್ಲಿ. ಕಾನೂನು ಜೀತದ ಹಗ್ಗವನ್ನು ಕತ್ತರಿಸಿತು. ಆದರೆ ಹಗ್ಗ ಕತ್ತರಿಸಿದ ಮಾತ್ರಕ್ಕೆ ಮುಂದಿನ ದಾರಿ ಕಾಣುವುದಿಲ್ಲ. ದಾರಿ ತೋರುವುದು ಕಲಿಕೆ. ಅದರಲ್ಲೂ ಕೈಗೆ ಕಸುಬು ಕೊಡುವ ಕಲಿಕೆ.

ಈ ಮಾತನ್ನು ಬೆಂಗಳೂರಿನ ಪಶ್ಚಿಮ ಭಾಗದ ಭಕ್ತರಿಗೆ ಹೇಳುವುದಕ್ಕೆ ಒಂದು ಕಾರಣವಿದೆ. ಬಸವೇಶ್ವರನಗರಕ್ಕೆ ಅಣ್ಣನವರ ಹೆಸರಿದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಕಾಮಾಕ್ಷಿಪಾಳ್ಯದ ಓಣಿಗಳಿವೆ. ಲೇತ್, ಮಿಲ್ಲಿಂಗ್, ಪ್ರೆಸ್ ಯಂತ್ರಗಳ ಸದ್ದು ಬೆಳಗಿನಿಂದ ರಾತ್ರಿಯವರೆಗೆ ಅಲ್ಲಿ ನಿಲ್ಲುವುದಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕೈಗಾರಿಕಾ ಉಪನಗರವಾಗಿ ರೂಪುಗೊಂಡ ರಾಜಾಜಿನಗರ, 1970ರ ದಶಕದಲ್ಲಿ ಬೆಳೆಯತೊಡಗಿದ ಪೀಣ್ಯ, ಮಾಗಡಿ ರಸ್ತೆಯ ಉದ್ದಕ್ಕೂ ಸುಂಕದಕಟ್ಟೆಯವರೆಗೆ ಹಬ್ಬಿದ ಸಣ್ಣ ಕಾರ್ಯಾಗಾರಗಳು, ಇವೆಲ್ಲ ತುಮಕೂರು, ಮಂಡ್ಯ, ಹಾಸನ, ಚಿತ್ರದುರ್ಗ ಮತ್ತು ಉತ್ತರ ಕರ್ನಾಟಕದ ಕೂಲಿಕಾರರ ಮಕ್ಕಳಿಗೆ ಅನ್ನ ಕೊಟ್ಟಿವೆ. ಈ ಕಾರ್ಯಾಗಾರಗಳ ಮಾಲೀಕರಲ್ಲಿ ಅನೇಕರು ನಮ್ಮ ಶಿವಾನುಭವ ಗೋಷ್ಠಿಗಳಿಗೆ ತಪ್ಪದೆ ಬರುವ ಭಕ್ತರೇ ಆಗಿದ್ದಾರೆ.

ನನ್ನ ತಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ ಬೆಂಗಳೂರಿಗೆ ಬಂದು ಐಟಿಐ ಸೇರಿದ್ದು 2006ರಲ್ಲಿ, ಫಿಟ್ಟರ್ ವಿಭಾಗಕ್ಕೆ. ಮೊದಲ ವಾರಗಳಲ್ಲಿ ಅವನಿಗೆ ಕೊಟ್ಟ ಕೆಲಸ ಒಂದೇ. ಉಕ್ಕಿನ ತುಂಡನ್ನು ವೈಸ್‌ನಲ್ಲಿ ಬಿಗಿದು, ಅರದಿಂದ ಉಜ್ಜಿ ಉಜ್ಜಿ ಚೌಕ ಮಾಡುವುದು. ಉಜ್ಜಿದ ಮೇಲೆ ಅಂಚಿಗೆ ಟ್ರೈ ಸ್ಕ್ವೇರ್ ಹಿಡಿದು ಬೆಳಕಿಗೆ ಎತ್ತಿ ನೋಡಬೇಕು. ನಡುವೆ ಬೆಳಕಿನ ಗೆರೆ ಕಂಡರೆ ಮತ್ತೆ ಉಜ್ಜಬೇಕು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಮತ್ತೆ ಎದ್ದವು. ಊರಿಗೆ ಬಂದಾಗ ಅಮ್ಮ ಅವನ ಕೈ ನೋಡಿ, 'ಅಲ್ಲಿಯೂ ಕೂಲಿಯೇ ಏನಪ್ಪ?' ಎಂದು ಕೇಳಿದರು. ಅವನು, 'ಇಲ್ಲಮ್ಮ, ಇದು ಕಲಿಯೋದು' ಎಂದ. ಕೂಲಿಗೂ ಕಲಿಕೆಗೂ ಇರುವ ವ್ಯತ್ಯಾಸವನ್ನು ನಾನು ಎಂ.ಎ. ತರಗತಿಯಲ್ಲಿ ಅಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ.

ಮುಂದೆ ಅವನು ಮೈಕ್ರೋಮೀಟರ್ ಹಿಡಿದು 0.01 ಮಿಲಿಮೀಟರ್ ಅಂತರವನ್ನು ಅಳೆಯಲು ಕಲಿತ. ನಕ್ಷೆ ಓದಲು ಕಲಿತ. ಅಪ್ರೆಂಟಿಸ್ ಮುಗಿಸಿ, ಸಂಜೆ ತರಗತಿಗೆ ಹೋಗಿ ಸಿಎನ್‌ಸಿ ಯಂತ್ರ ನಡೆಸುವುದನ್ನು ಕಲಿತ. ಈಗ ಪೀಣ್ಯದಲ್ಲಿ ಬಿಡಿಭಾಗಗಳ ಗುಣಮಟ್ಟ ಪರೀಕ್ಷಿಸುವ ವಿಭಾಗದಲ್ಲಿದ್ದಾನೆ. ಒಂದು ತುಂಡು ಸರಿಯಿಲ್ಲವೆಂದು ಅವನು ಬದಿಗಿಟ್ಟರೆ ಅದು ಮುಂದೆ ಹೋಗುವುದಿಲ್ಲ. ಬೇಡವೆನ್ನುವ ಅಧಿಕಾರ ಅವನಿಗೆ ಬಂದಿದೆ. ಲಕ್ಕಮ್ಮನವರ ಪ್ರಸಂಗದ ಅರ್ಥ ನನಗೆ ಹೊಳೆದದ್ದು ಅವನು ಈ ಮಾತನ್ನು ಹೇಳಿದ ದಿನ.

ಇಷ್ಟನ್ನು ಓದಿ, ತರಬೇತಿಯೊಂದು ಸಿಕ್ಕರೆ ಎಲ್ಲವೂ ಸರಿಹೋಗುತ್ತದೆಂದು ಭಕ್ತರು ಭಾವಿಸಬಾರದು. ತರಬೇತಿಯ ಬಾಗಿಲುಗಳು ನಾಡಿನಲ್ಲಿ ಇಲ್ಲದಿಲ್ಲ. ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ನಮ್ಮ ರಾಜಾಜಿನಗರದಲ್ಲೇ ಇದೆ. ಎಸ್ಸೆಸ್ಸೆಲ್ಸಿ ತೇರ್ಗಡೆಯಾದವರಿಗೆ ಅಲ್ಲಿ ಟೂಲ್ ಮತ್ತು ಡೈ ತಯಾರಿಕೆಯ ಡಿಪ್ಲೊಮಾ ದೊರೆಯುತ್ತದೆ. ಮೂರು ವರ್ಷ ಕೇಂದ್ರದಲ್ಲಿ, ಒಂದು ವರ್ಷ ಕಾರ್ಖಾನೆಯಲ್ಲಿ. ಕೆಂಗೇರಿಯಿಂದ ಮೈಸೂರು ರಸ್ತೆಯಲ್ಲಿ ಮುಂದಕ್ಕೆ ಹೋದರೆ ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಯಿದೆ. ಕರ್ನಾಟಕದ ಗ್ರಾಮಾಂತರದ ಬಡ ಕುಟುಂಬಗಳ ಮಕ್ಕಳಿಗಾಗಿಯೇ ಆರಂಭವಾದ ಸಂಸ್ಥೆಯದು. ಎಸ್ಸೆಸ್ಸೆಲ್ಸಿ ಆದವರನ್ನು ಆರಿಸಿ ಮೂರು ವರ್ಷ ವಸತಿಯೊಂದಿಗೆ ಕಲಿಸುವುದು ಅಲ್ಲಿಯ ಪದ್ಧತಿ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಹೊಸ ಯಂತ್ರೋಪಕರಣಗಳನ್ನು ಒದಗಿಸಿ 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಯಿತು. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರುವ ಅವಕಾಶವೂ ಇದೆ. ಏಣಿ ಇದೆ, ಮೆಟ್ಟಿಲುಗಳೂ ಇವೆ.

ಕೂಲಿಯವರ ಮಗು ಆ ಏಣಿಯ ಬುಡದವರೆಗೆ ಬರುವುದು ಹೇಗೆ, ಬಂದ ಮೇಲೆ ಏರುವವರೆಗೆ ನಿಲ್ಲುವುದು ಹೇಗೆ ಎಂಬುದೇ ಪ್ರಶ್ನೆ. ಇಲ್ಲಿ ಮೂರು ಅಡ್ಡಿಗಳಿವೆ. ಮೂರನ್ನೂ ನಿವಾರಿಸುವ ಶಕ್ತಿ ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ.

ಮೊದಲನೆಯದು ಅನ್ನ ಮತ್ತು ಆಶ್ರಯ. ನಮ್ಮ ಮಠಗಳ ಉಚಿತ ಪ್ರಸಾದ ನಿಲಯಗಳು ಈ ನಾಡಿನ ಶಿಕ್ಷಣದ ಇತಿಹಾಸವನ್ನೇ ಬದಲಿಸಿವೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 2019ರ ಜನವರಿಯಲ್ಲಿ ಶಿವೈಕ್ಯರಾಗುವವರೆಗೆ ನಡೆಸಿದ ಅನ್ನ, ಅಕ್ಷರ, ಆಶ್ರಯದ ತ್ರಿವಿಧ ದಾಸೋಹವನ್ನು ಕನ್ನಡಿಗರು ಎಂದಿಗೂ ಮರೆಯಲಾರರು. ಬಡವರ ಮಗು ಓದಿ ಮೇಷ್ಟ್ರಾದದ್ದು, ಗುಮಾಸ್ತನಾದದ್ದು, ಎಂಜಿನಿಯರಾದದ್ದು ಇಂಥ ದಾಸೋಹದಿಂದ. ನಾನು ಎಂ.ಎ. ಓದಿದ್ದೂ ಹಾಗೆಯೇ, ನಗರದ ಒಂದು ಉಚಿತ ವಿದ್ಯಾರ್ಥಿನಿಲಯದ ಮುದ್ದೆ ತಿಂದು. ಆದರೆ ನನ್ನ ತಮ್ಮ ಅದೇ ನಿಲಯದ ಬಾಗಿಲಿಗೆ ಹೋದಾಗ, 'ಇದು ಕಾಲೇಜು ಓದುವವರಿಗೆ, ಐಟಿಐಯವರಿಗೆ ಕೊಡುವ ಪದ್ಧತಿ ಇಲ್ಲ' ಎಂದು ಹೇಳಿ ಕಳುಹಿಸಿದರು. ಅವನು ಲಗ್ಗೆರೆಯಲ್ಲಿ ಶೀಟಿನ ಒಂದು ಕೋಣೆಯಲ್ಲಿ ಐದು ಜನರೊಡನೆ ಎರಡು ವರ್ಷ ಕಳೆದ. ಆ ಐವರಲ್ಲಿ ಇಬ್ಬರು ಬಾಡಿಗೆ ಕೊಡಲಾರದೆ ತರಬೇತಿಯನ್ನು ಅರ್ಧಕ್ಕೆ ಬಿಟ್ಟು ಗಾರೆ ಕೆಲಸಕ್ಕೆ ಹೋದರು. ಅವರು ಬುದ್ಧಿಯಲ್ಲಿ ಕಡಿಮೆಯಿರಲಿಲ್ಲ. ಅವರಿಗೆ ಕಡಿಮೆಯಾದದ್ದು ಎರಡು ಹೊತ್ತಿನ ಅನ್ನ. ಅಕ್ಷರಕ್ಕೆ ಸಲ್ಲುವ ದಾಸೋಹ ಅರ ಹಿಡಿದ ಕೈಗೂ ಸಲ್ಲಬೇಕಲ್ಲವೆ? ನಮ್ಮ ನಿಲಯಗಳಲ್ಲಿ ಹತ್ತರಲ್ಲಿ ಎರಡು ಸ್ಥಾನಗಳನ್ನಾದರೂ ವೃತ್ತಿ ಕಲಿಯುವವರಿಗೆ ಮೀಸಲಿಡುವುದು ಅಸಾಧ್ಯವೇನಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತು ಇನ್ನೂ ಸತ್ಯ. ಮೈಸೂರು ರಸ್ತೆಯ, ಪೀಣ್ಯದ ಗಾರ್ಮೆಂಟ್ಸ್‌ಗಳಿಗೆ ಬರುವ ಕೂಲಿಯವರ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಹೆಲ್ಪರ್ ಆಗಿ ಸೇರಿ ಹೆಲ್ಪರ್ ಆಗಿಯೇ ಉಳಿಯುತ್ತಾರೆ. ಎಲೆಕ್ಟ್ರಾನಿಕ್ಸ್, ನಕ್ಷೆ ರಚನೆ, ಅಳತೆ ಪರೀಕ್ಷೆ ಮೊದಲಾದ ತರಬೇತಿಗಳು ಅವರಿಗೂ ತೆರೆದಿವೆ. ಆದರೆ ಸುರಕ್ಷಿತವಾದ ವಸತಿಯಿಲ್ಲದೆ ಯಾವ ತಾಯಿತಂದೆ ಮಗಳನ್ನು ಎರಡು ವರ್ಷ ಈ ನಗರಕ್ಕೆ ಕಳುಹಿಸಿಯಾರು? ಲಕ್ಕಮ್ಮನವರನ್ನು, ಸತ್ಯಕ್ಕನವರನ್ನು ಸ್ಮರಿಸುವ ನಾವು ಇದನ್ನು ಮೊದಲು ಯೋಚಿಸಬೇಕಾಗಿದೆ.

ಎರಡನೆಯದು ಕಾರ್ಯಾಗಾರದ ಒಳಗಿನ ಮಾತು. ಕಲಿಯಲು ಬಂದ ಹುಡುಗನ ಕೈಗೆ ಕಸಪೊರಕೆ ಕೊಟ್ಟು, ಟೀ ತರಲು ಕಳುಹಿಸಿ, ವರ್ಷ ಕಳೆದರೂ ಯಂತ್ರ ಮುಟ್ಟಲು ಬಿಡದ ಮಾಲೀಕರಿದ್ದಾರೆ. ಕಸ ಗುಡಿಸುವುದು ಹೀನವಲ್ಲ. ಸತ್ಯಕ್ಕನವರ ಕಾಯಕವೇ ಅದಾಗಿತ್ತು. ಆದರೆ ಕಲಿಸುತ್ತೇನೆಂದು ಕರೆದು ಕಲಿಸದಿರುವುದು ವಚನಭ್ರಷ್ಟತೆ. ಈ ಮಾತನ್ನು ಒಂದು ಗೋಷ್ಠಿಯಲ್ಲಿ ಆಡಿದಾಗ ಹಿರಿಯ ಭಕ್ತರೊಬ್ಬರು, 'ಬುದ್ಧೀ, ಕಲಿಸಿದರೆ ಹುಡುಗರು ನಿಲ್ಲೋದಿಲ್ಲ, ಐನೂರು ರೂಪಾಯಿ ಹೆಚ್ಚಿಗೆ ಸಿಕ್ಕರೆ ಪಕ್ಕದ ಶೆಡ್ಡಿಗೆ ಹೋಗ್ತಾರೆ, ನಮ್ಮ ಗತಿ ಏನು?' ಎಂದು ಪ್ರಶ್ನಿಸಿದರು. ಪ್ರಶ್ನೆ ನ್ಯಾಯವಾದದ್ದೇ. ಸಣ್ಣ ಕಾರ್ಯಾಗಾರ ನಡೆಸುವವರ ಕಷ್ಟ ಸಣ್ಣದಲ್ಲ. ಆರ್ಡರ್ ಬಂದರೆ ಹಣ ಬರುವುದಿಲ್ಲ, ಹಣ ಬಂದರೆ ಕರೆಂಟ್ ಇರುವುದಿಲ್ಲ.

ಇದಕ್ಕೆ ನನ್ನ ಉತ್ತರ ಎರಡು. ಲೌಕಿಕದ ಉತ್ತರವನ್ನು ಮೊದಲು ಹೇಳುತ್ತೇನೆ. 1961ರ ಅಪ್ರೆಂಟಿಸ್ ಕಾಯ್ದೆಯನ್ನು ಎಷ್ಟೋ ಸಣ್ಣ ಮಾಲೀಕರು ಹೊರೆಯೆಂದು ಮಾತ್ರ ತಿಳಿದಿದ್ದಾರೆ. 2019ರ ತಿದ್ದುಪಡಿ ನಿಯಮಗಳ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವಲ್ಲಿ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯವಾಯಿತು. ನಾಲ್ಕೇ ಜನರಿರುವ ಶೆಡ್ಡಿನವರೂ ಇಚ್ಛೆಯಿದ್ದರೆ ತೆಗೆದುಕೊಳ್ಳಬಹುದೆಂದಾಯಿತು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯು ಅವರಿಗೆ ಕೊಡುವ ಭತ್ಯೆಯ ಶೇ. 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಭರಿಸುವ ಏರ್ಪಾಡನ್ನು ಮಾಡಿತು. ಹೀಗೆ ದಾಖಲೆಯ ಪ್ರಕಾರ ಕಲಿತವನ ಕೈಯಲ್ಲಿ ಒಂದು ಪ್ರಮಾಣಪತ್ರವಿರುತ್ತದೆ, ಮಾಲೀಕರ ಭಾರವೂ ಸ್ವಲ್ಪ ಹಗುರಾಗುತ್ತದೆ.

ಇನ್ನೊಂದು ಉತ್ತರ ಶರಣರ ದಾರಿಯದು. ಕಲಿತವನು ಹೊರಟುಹೋದನೆಂದು ದುಃಖಿಸುವ ಮಾಲೀಕರು ತಾವೂ ಒಂದು ದಿನ ಯಾರದೋ ಶೆಡ್ಡಿನಲ್ಲಿ ಕಲಿತು ಹೊರಟು ಬಂದವರೇ ಅಲ್ಲವೆ? ಗುರುವಿನಿಂದ ಪಡೆದುದನ್ನು ಗುರುವಿಗೇ ಹಿಂದಿರುಗಿಸಲಾಗುವುದಿಲ್ಲ. ಮುಂದೆ ಬಂದವನಿಗೆ ಕೊಟ್ಟಾಗಲೇ ಆ ಋಣ ತೀರುತ್ತದೆ. ದಾಸೋಹವೆಂದರೆ ಉಳಿದದ್ದನ್ನು ಕೊಡುವುದಲ್ಲ, ಪಡೆದದ್ದನ್ನು ಹಂಚುವುದು. ಅನ್ನದ ದಾಸೋಹಕ್ಕೆ ಅಕ್ಕಿ ಮೂಟೆ ಕಳುಹಿಸುವ ನಮ್ಮ ಉದ್ಯಮಿ ಭಕ್ತರು ವರ್ಷಕ್ಕೆ ಒಬ್ಬನೇ ಒಬ್ಬ ಕೂಲಿಯವರ ಮಗುವಿಗೆ ಪ್ರಾಮಾಣಿಕವಾಗಿ ಕಸುಬು ಕಲಿಸಿದರೆ, ಅದು ಯಾವ ದಾಸೋಹಕ್ಕೂ ಕಡಿಮೆಯಲ್ಲವೆಂದು ನಾನು ನಂಬಿದ್ದೇನೆ.

ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು, ಏಕೆಂದರೆ ಅದಕ್ಕೆ ಹಣ ಬೇಡ, ಮನಸ್ಸು ಬೇಕು. ಅದು ಗೌರವ. ಕೆಲವು ವರ್ಷಗಳ ಹಿಂದೆ ತಮ್ಮನಿಗೆ ಹೆಣ್ಣು ನೋಡಲು ವಿಜಯನಗರದ ಒಂದು ಮನೆಗೆ ಹೋಗಿದ್ದೆವು. ಹುಡುಗಿಯ ತಂದೆ ಸಜ್ಜನರು. ಮಠದ ಕಾರ್ಯಕ್ರಮಗಳಿಗೆ ಬರುವವರು. ಗೋಡೆಯ ಮೇಲೆ ಅಣ್ಣನವರ ಭಾವಚಿತ್ರ, ಅದರ ಕೆಳಗೆ ಕಾಯಕವನ್ನು ಕೈಲಾಸಕ್ಕೆ ಸಮಗಟ್ಟುವ ಆ ಪ್ರಸಿದ್ಧವಾದ ಮಾತು. ನಾನು ಎಂ.ಎ. ಓದಿ ಮಠದಲ್ಲಿರುವೆನೆಂದು ತಿಳಿದು ಅವರು ಎದ್ದು ನಿಂತು ಕೈಮುಗಿದರು. 'ಹುಡುಗ ಏನು ಓದಿದ್ದಾರೆ?' ಎಂದು ಕೇಳಿದರು. 'ಐಟಿಐ' ಎಂದೆ. ಮಾತು ಅಲ್ಲಿಗೇ ಇಳಿದುಹೋಯಿತು. ಕಾಫಿ ಬಂತು, ಕುಡಿದೆವು, ಬಂದೆವು. ತಮ್ಮನ ಸಂಬಳ ನನ್ನದಕ್ಕಿಂತ ಹೆಚ್ಚಿತ್ತೆಂಬುದು ಇಲ್ಲಿ ಮುಖ್ಯವಲ್ಲ. ದಾರಿಯಲ್ಲಿ ಅವನು ಹೇಳಿದ ಮಾತು ಮುಖ್ಯ: 'ಅಣ್ಣ, ನಾನು ಯಂತ್ರದ ಮುಂದೆ ನಿಂತಿರ್ತೀನಿ ಅಂತ ಹೇಳೋ ಬದಲು ಕಂಪ್ಯೂಟರ್ ಮುಂದೆ ಕೂತಿರ್ತೀನಿ ಅಂತ ಹೇಳಬೇಕಾಗಿತ್ತೇನೋ.'

ಆ ಸಜ್ಜನರನ್ನು ದೂರುವ ಹಕ್ಕು ನನಗಿಲ್ಲ. ಏಕೆಂದರೆ ತಮ್ಮ ಐಟಿಐ ಸೇರುತ್ತೇನೆಂದಾಗ, 'ಓದು ಹತ್ತಲಿಲ್ಲವೇನೋ?' ಎಂದು ಕೇಳಿದವನು ನಾನೇ. ಓದು ಹತ್ತದವರ ಪಾಲಿಗೆ ಕಸುಬು ಎಂಬ ಭಾವನೆ ನಮ್ಮೆಲ್ಲರ ಒಳಗೆ ಅಷ್ಟು ಆಳವಾಗಿ ಇಳಿದಿದೆ. ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ಹಗ್ಗ ಹೊಸೆಯುವವರು, ದೋಣಿ ನಡೆಸುವವರು, ಬುಟ್ಟಿ ಹೆಣೆಯುವವರು ತಮ್ಮ ಕಸುಬಿನ ಅನುಭವದಿಂದಲೇ ಅರಿವಿನ ಮಾತಾಡಿದರು. ಅವರ ಕೈ ಮತ್ತು ಅರಿವು ಬೇರೆ ಬೇರೆಯಾಗಿರಲಿಲ್ಲ. ಅವರ ವಚನಗಳಿಗೆ ವ್ಯಾಖ್ಯಾನ ಬರೆಯುವ ನಾವು ಅವೆರಡನ್ನೂ ಬೇರೆ ಮಾಡಿದ್ದೇವೆ. ವೇದಿಕೆಯ ಮೇಲೆ ಕಾಯಕ, ಸಂಬಂಧ ಬೆಳೆಸುವಾಗ ಡಿಗ್ರಿ.

ಹಳ್ಳಿಗಳು ಬರಿದಾಗುವುದಿಲ್ಲವೆ, ಹೊಲದಲ್ಲಿ ದುಡಿಯುವವರು ಯಾರು ಎಂದು ಕೆಲವರು ಕೇಳುತ್ತಾರೆ. ಈ ಚಿಂತೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹೊಲದ ದುಡಿಮೆಗೆ ಜನ ಬೇಕೆಂಬ ಕಾರಣಕ್ಕೆ ಕೂಲಿಯವರ ಮಕ್ಕಳು ಕಲಿಯದೆ ಉಳಿಯಬೇಕೆಂದು ಬಯಸುವುದು ಯಾವ ಧರ್ಮ? ಕಲಿತವನು ಊರಿಗೆ ಹಿಂದಿರುಗಿ ಪಂಪ್‌ಸೆಟ್, ಟ್ರ್ಯಾಕ್ಟರ್ ದುರಸ್ತಿಯ ಅಂಗಡಿ ಇಡಬಹುದು. ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ಗ್ರಾಮೀಣ ಯುವಕರಿಗೆ ಉಚಿತ ವಸತಿಯೊಂದಿಗೆ ಇಂಥ ಸ್ವಉದ್ಯೋಗದ ತರಬೇತಿಯನ್ನು ಕೊಡುತ್ತ ಬಂದಿದೆ. ಅದರ ಮಾದರಿಯನ್ನೇ ಕೇಂದ್ರ ಸರ್ಕಾರ ಮುಂದೆ ದೇಶದ ಇತರ ಜಿಲ್ಲೆಗಳಿಗೆ ವಿಸ್ತರಿಸಿತು. ನಗರಕ್ಕೆ ಹೋಗುವುದೂ ಊರಲ್ಲಿ ಉಳಿಯುವುದೂ ಎರಡೂ ಒಳ್ಳೆಯವೇ. ಆರಿಸಿಕೊಳ್ಳುವ ಶಕ್ತಿ ಆ ಮಗುವಿಗಿರಬೇಕು, ಅಷ್ಟೆ.

ತಮ್ಮನಿಗೆ ಮುಂದೆ ಒಳ್ಳೆಯ ಸಂಬಂಧವೇ ಕೂಡಿಬಂತು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವನು ತನ್ನ ಮಗಳನ್ನು ಅದೇ ಹೊಲಕ್ಕೆ ಕರೆದೊಯ್ದ. ಬಳ್ಳಿ ಕಿತ್ತಾಗಿತ್ತು. ಮಗು ಆಟಕ್ಕೆಂದು ಮಣ್ಣು ಕೆದಕಿ ನಾಲ್ಕು ಕಾಯಿ ಆಯ್ದು ಅಜ್ಜಿಯ ಕೈಗಿಟ್ಟಿತು. ಅಮ್ಮ ಆ ಕಾಯಿಗಳನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಆಮೇಲೆ ಮೊಮ್ಮಗಳ ಉಗುರಿನ ಸಂದಿಯ ಮಣ್ಣನ್ನು ಸೆರಗಿನಿಂದ ಒರೆಸಿದರು. ಅದು ಒಂದೇ ಸಲಕ್ಕೆ ಹೋಯಿತು.

ಮುಂದಿನ ಬಸವ ಜಯಂತಿಯ ಹೊತ್ತಿಗೆ ನಮ್ಮ ಭಕ್ತರಲ್ಲಿ ಹತ್ತು ಜನರಾದರೂ ಒಬ್ಬೊಬ್ಬ ಕೂಲಿಯವರ ಮಗುವಿನ ವೃತ್ತಿ ಕಲಿಕೆಗೆ ಅನ್ನದ, ವಸತಿಯ, ಇಲ್ಲವೆ ಕಾರ್ಯಾಗಾರದ ಹೊಣೆಯನ್ನು ಹೊರಲಿ ಎಂದು ಪ್ರಾರ್ಥಿಸುತ್ತೇನೆ.